ಸ್ಕ್ಯಾನಿಂಗ್ ಕೋರ್ಸಿಗೆ ಶುಲ್ಕ ಕಟ್ಟುವ ಮುನ್ನ: ಸೋನೋಗ್ರಫಿ ತರಬೇತಿಯ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಪಿಯುಸಿ ಫಲಿತಾಂಶ ಹೊರಬಿದ್ದ ಮೇಲಿನ ಎರಡು-ಮೂರು ವಾರ ಧರ್ಮಕೇಂದ್ರದ ಕಚೇರಿಗೆ ಬರುವವರಲ್ಲಿ ವಿದ್ಯಾರ್ಥಿಗಳು ಮತ್ತು ಹೆತ್ತವರೇ ಹೆಚ್ಚು. ಒಬ್ಬರಿಗೆ ಜ್ಞಾನಸ್ನಾನದ ಪ್ರಮಾಣಪತ್ರ ಬೇಕು, ಇನ್ನೊಬ್ಬರಿಗೆ ಶಿಫಾರಸು ಪತ್ರ, ಮತ್ತೊಬ್ಬರಿಗೆ ಶಿಕ್ಷಣ ನಿಧಿಯಿಂದ ನೆರವು. ಈ ನಡುವೆ ಆಗಾಗ ಕೇಳಿಬರುವ ಪ್ರಶ್ನೆಯೊಂದಿದೆ: "ಫಾದರ್, ಸ್ಕ್ಯಾನಿಂಗ್ ಕೋರ್ಸ್ ಮಾಡಿದರೆ ಹೇಗೆ? ವಿದೇಶದಲ್ಲಿ ಒಳ್ಳೆಯ ಸಂಬಳವಂತೆ."

ಸಂಬಳದ ಮಾತು ಸುಳ್ಳಲ್ಲ. ಆದರೆ ಆ ಮಾತಿನ ಹಿಂದೆ ಇರುವ ಸಂಗತಿಯನ್ನು ತಿಳಿಯದೆ ಹಣ ಕಟ್ಟಿದ ಕುಟುಂಬವೊಂದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಸಂಘದಿಂದ ಸಾಲ ಎತ್ತಿ, ದೂರದ ನಗರದ ಸಂಸ್ಥೆಯೊಂದಕ್ಕೆ ಶುಲ್ಕ ಕಟ್ಟಿ, ಮಗಳಿಗೆ ಆರು ತಿಂಗಳ 'ಅಲ್ಟ್ರಾಸೌಂಡ್ ಟೆಕ್ನಿಷಿಯನ್' ತರಬೇತಿ ಕೊಡಿಸಿದ್ದರು. ಸರ್ಟಿಫಿಕೇಟ್ ಹಿಡಿದುಕೊಂಡು ಹುಡುಗಿ ಮೂರು ಆಸ್ಪತ್ರೆಗಳ ಮೆಟ್ಟಿಲು ಹತ್ತಿದಳು. ಮೂರೂ ಕಡೆ ಉತ್ತರ ಒಂದೇ: "ಸ್ಕ್ಯಾನಿಂಗ್ ಇಲ್ಲಿ ಡಾಕ್ಟರರೇ ಮಾಡುವುದು. ಬೇಕಾದರೆ ರಿಸೆಪ್ಷನ್‌ನಲ್ಲಿ ಕೆಲಸ ಇದೆ." ಆ ಕೋರ್ಸಿಗೆ ಶಿಫಾರಸು ಪತ್ರ ಬರೆದುಕೊಟ್ಟವರು ನಾವೇ. ವಿಚಾರಿಸಿ ಬರೆಯಬೇಕಿತ್ತು, ವಿಚಾರಿಸಲಿಲ್ಲ. ಆ ಮೇಲೆ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲಿಗೆ ಈ ಕೆಲಸ ಎಂಥದ್ದು ಎಂಬುದನ್ನು ನೋಡೋಣ. ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳ ಶಬ್ದ. ಸ್ಕ್ಯಾನಿಂಗ್ ಯಂತ್ರ ಬಳಸುವುದು ಸಾಮಾನ್ಯವಾಗಿ 20 ಲಕ್ಷದಿಂದ 150 ಲಕ್ಷ ಕಂಪನಗಳ ಶಬ್ದವನ್ನು. ಕೈಯಲ್ಲಿ ಹಿಡಿಯುವ ಪ್ರೋಬಿನೊಳಗಿನ ವಸ್ತು ವಿದ್ಯುತ್ ತಗಲಿದಾಗ ಕಂಪಿಸುತ್ತದೆ. ಆ ಶಬ್ದ ದೇಹದ ಮೆದು ಭಾಗಗಳೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗಿ, ಅಂಗಾಂಗಗಳಿಗೆ ಬಡಿದು ಮರಳುತ್ತದೆ. ಮರಳಿ ಬಂದ ಪ್ರತಿಧ್ವನಿಯನ್ನೇ ಯಂತ್ರ ಚಿತ್ರವಾಗಿ ತೋರಿಸುತ್ತದೆ. ವಸ್ತುವಿನ ಈ ಗುಣವನ್ನು ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದದ್ದು 1880ರಲ್ಲಿ. ನಮ್ಮ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು ಔಷಧಾಲಯ ಆರಂಭಿಸಿದ್ದೂ ಅದೇ ವರ್ಷ ಎಂಬುದು ಕಾಕತಾಳೀಯ. ಗರ್ಭಿಣಿಯರ ತಪಾಸಣೆಗೆ ಈ ವಿದ್ಯೆಯನ್ನು ತಂದವರು ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಅವರ ಜೊತೆಗಾರರು. ಅವರ ಹೆಸರಾಂತ ಲೇಖನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದದ್ದು 1958ರಲ್ಲಿ.

ಎಕ್ಸ್‌ರೇಯಲ್ಲಿ ರೋಗಿಯನ್ನು ಸರಿಯಾಗಿ ನಿಲ್ಲಿಸಿ ಚಿತ್ರ ತೆಗೆದರೆ, ಆ ಮೇಲೆ ಯಾವ ವೈದ್ಯರು ಬೇಕಾದರೂ ಅದನ್ನು ನೋಡಬಹುದು. ಸ್ಕ್ಯಾನಿಂಗ್ ಹಾಗಲ್ಲ. ಪ್ರೋಬ್ ಹಿಡಿದ ಕೈ ಎಲ್ಲಿ ಓರೆಯಾಯಿತು, ಎಲ್ಲಿ ಒತ್ತಿತು, ಎಲ್ಲಿ ನಿಂತಿತು ಎಂಬುದರ ಮೇಲೆ ಚಿತ್ರ ನಿಂತಿದೆ. ಆ ಕೈ ಹಾಯದ ಜಾಗದಲ್ಲಿ ಗೆಡ್ಡೆ ಇದ್ದರೆ, ಅದು ಇಲ್ಲವೆಂದೇ ಲೆಕ್ಕ. ಕಂಪನ ಹೆಚ್ಚಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಶಬ್ದ ಆಳಕ್ಕೆ ಇಳಿಯುವುದಿಲ್ಲ. ಕಡಿಮೆ ಮಾಡಿದರೆ ಆಳಕ್ಕೆ ಇಳಿಯುತ್ತದೆ, ಸ್ಪಷ್ಟತೆ ಹೋಗುತ್ತದೆ. ಆದ್ದರಿಂದ ಕತ್ತಿನ ಥೈರಾಯ್ಡಿಗೆ ಒಂದು ಪ್ರೋಬ್, ಹೊಟ್ಟೆಗೆ ಇನ್ನೊಂದು. ಆರು ತಿಂಗಳಲ್ಲಿ ಇದನ್ನೆಲ್ಲ ಕಲಿಸಿಬಿಡುತ್ತೇವೆ ಎನ್ನುವವರ ಮಾತನ್ನು ಇಷ್ಟರಿಂದಲೇ ಅನುಮಾನಿಸಬಹುದಿತ್ತು.

ಅಮೆರಿಕದಲ್ಲಿ ಇದು ವೈದ್ಯರಲ್ಲದವರ ಪ್ರತ್ಯೇಕ ವೃತ್ತಿ. ಹೈಸ್ಕೂಲಿನ ಬಳಿಕ ಸಾಮಾನ್ಯವಾಗಿ ಎರಡು ವರ್ಷದ ಅಸೋಸಿಯೇಟ್ ಪದವಿ ಅಥವಾ ನಾಲ್ಕು ವರ್ಷದ ಬ್ಯಾಚಲರ್ ಪದವಿ. ಅಂಗರಚನೆ, ಶಬ್ದದ ಭೌತಶಾಸ್ತ್ರ, ಕಾಯಿಲೆಗಳ ಲಕ್ಷಣ ಇವುಗಳ ಪಾಠ. ಅದರ ಜೊತೆಗೆ ಆಸ್ಪತ್ರೆಯಲ್ಲಿ ರೋಗಿಗಳ ಮೇಲೆಯೇ, ಅನುಭವಸ್ಥರ ಕಣ್ಣಳತೆಯಲ್ಲಿ ದೀರ್ಘ ಅಭ್ಯಾಸ. ಆ ಮೇಲೆ 1975ರಲ್ಲಿ ಸ್ಥಾಪನೆಯಾದ ಎಆರ್‌ಡಿಎಂಎಸ್ ಎಂಬ ನೋಂದಣಿ ಸಂಸ್ಥೆಯ ಪರೀಕ್ಷೆ. ಮೊದಲನೆಯದು ಎಸ್‌ಪಿಐ, ಅಂದರೆ ಯಂತ್ರ ಮತ್ತು ಭೌತಶಾಸ್ತ್ರದ ತತ್ವಗಳ ಪರೀಕ್ಷೆ: ಎರಡು ಗಂಟೆ, ಸುಮಾರು 110 ಪ್ರಶ್ನೆ. ಎರಡನೆಯದು ಆಯ್ದ ವಿಭಾಗದ್ದು: ಹೊಟ್ಟೆ, ಅಥವಾ ಪ್ರಸೂತಿ ಮತ್ತು ಸ್ತ್ರೀರೋಗ, ಹೀಗೆ. ಎರಡರಲ್ಲೂ ಉತ್ತೀರ್ಣರಾದವರು ಹೆಸರಿನ ಮುಂದೆ ಆರ್‌ಡಿಎಂಎಸ್ ಎಂದು ಬರೆದುಕೊಳ್ಳಬಹುದು. ಹೆಚ್ಚಿನ ರಾಜ್ಯಗಳಲ್ಲಿ ಸರಕಾರಿ ಲೈಸೆನ್ಸ್ ಕಡ್ಡಾಯವಿಲ್ಲದಿದ್ದರೂ ಈ ನೋಂದಣಿ ಇಲ್ಲದವರನ್ನು ಆಸ್ಪತ್ರೆಗಳು ತೆಗೆದುಕೊಳ್ಳುವುದು ಕಡಿಮೆ. 2023ರಲ್ಲಿ ಅಲ್ಲಿನ ಸೋನೋಗ್ರಾಫರುಗಳ ಮಧ್ಯಮ ವಾರ್ಷಿಕ ಸಂಬಳ 84,000 ಡಾಲರಿಗಿಂತ ಮೇಲಿತ್ತು. ನಮ್ಮ ಮನೆಗಳಲ್ಲಿ ಓಡಾಡುತ್ತಿರುವ ಸುದ್ದಿ ಇದೇ.

ಸಂಬಳದ ಜೊತೆ ಬರುವ ಭಾರದ ಸುದ್ದಿ ಮಾತ್ರ ಅಷ್ಟಾಗಿ ಓಡಾಡುವುದಿಲ್ಲ. ದಿನವಿಡೀ ತೋಳು ಚಾಚಿ ಒತ್ತಿ ಹಿಡಿದು ಕೆಲಸ ಮಾಡುವುದರಿಂದ ಭುಜ, ಮಣಿಕಟ್ಟು, ಕತ್ತಿನ ನೋವು ಈ ವೃತ್ತಿಯವರಲ್ಲಿ ಬಹಳ ಸಾಮಾನ್ಯ. ಇನ್ನೊಂದು ಭಾರ ಮನಸ್ಸಿನದು. ಗರ್ಭದಲ್ಲಿ ಮಗುವಿನ ಹೃದಯ ನಿಂತಿದೆ ಎಂಬುದನ್ನು ಎಲ್ಲರಿಗಿಂತ ಮೊದಲು ಕಾಣುವುದು ಪ್ರೋಬ್ ಹಿಡಿದವರೇ. ಅಮೆರಿಕದಲ್ಲಿ ವರದಿಗೆ ಸಹಿ ಹಾಕುವವರು ವೈದ್ಯರಾದ್ದರಿಂದ ಸೋನೋಗ್ರಾಫರ್ ಸಾಮಾನ್ಯವಾಗಿ ಆ ಸುದ್ದಿಯನ್ನು ತಾಯಿಗೆ ಹೇಳುವಂತಿಲ್ಲ. ವೈದ್ಯರು ಬರುವ ತನಕ ಮುಖದಲ್ಲಿ ತೋರಗೊಡದೆ ಇರಬೇಕು. ಇಂಗ್ಲೆಂಡಿನ ಪದ್ಧತಿ ಬೇರೆ. ಅಲ್ಲಿ ಸೋನೋಗ್ರಾಫರೇ ವರದಿ ಬರೆಯುವುದು ರೂಢಿಯಲ್ಲಿದೆ. ಅದರಿಂದಲೇ ಇರಬೇಕು, ಅಲ್ಲಿ ಹೆಚ್ಚಿನವರು ಮೊದಲು ರೇಡಿಯೋಗ್ರಾಫರ್ ಆಗಿ ಪದವಿ ಪಡೆದು, ಕೆಲಸ ಮಾಡಿ, ಬಳಿಕ ಅಲ್ಟ್ರಾಸೌಂಡಿನಲ್ಲಿ ಸ್ನಾತಕೋತ್ತರ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಮಾಡುತ್ತಾರೆ.

ಈಗ ನಮ್ಮ ದೇಶಕ್ಕೆ ಬರೋಣ. ಯಾವುದೇ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದರೂ ಗೋಡೆಯ ಮೇಲೆ, ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ತಿಳಿಸುವುದು ಕಾನೂನಿಗೆ ವಿರುದ್ಧ ಎಂಬ ಫಲಕ ಇರುತ್ತದೆ. ಆ ಫಲಕದ ಹಿಂದಿರುವುದು 1994ರ ಕಾಯ್ದೆ. 1996ರಲ್ಲಿ ಜಾರಿಗೆ ಬಂದು, 2003ರಲ್ಲಿ ತಿದ್ದುಪಡಿಯಾಗಿ ಇನ್ನಷ್ಟು ಬಿಗಿಯಾಯಿತು; ಪಿಸಿಪಿಎನ್‌ಡಿಟಿ ಕಾಯ್ದೆ ಎಂದೇ ಈಗ ಪರಿಚಿತ. ಬಿಗಿಗೊಳಿಸಲು ಕಾರಣವಿತ್ತು. ದೇಶದಲ್ಲಿ ಆರು ವರ್ಷದೊಳಗಿನ ಪ್ರತಿ 1,000 ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರೆ, 2001ರ ಜನಗಣತಿಯಲ್ಲಿ ಅದು 927ಕ್ಕೆ ಇಳಿದಿತ್ತು. ಹುಟ್ಟಬೇಕಾಗಿದ್ದ ಹೆಣ್ಣುಮಕ್ಕಳು ಹುಟ್ಟಲಿಲ್ಲ. ಜೀವದ ಪರ ಮಾತಾಡುವ ನಾವು ಈ ಕಾಯ್ದೆಯನ್ನು ಅಡ್ಡಿ ಎಂದು ದೂರುವಂತಿಲ್ಲ.

ಆದರೆ ಅದರ ಪರಿಣಾಮವನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಈ ಕಾಯ್ದೆಯ ಪ್ರಕಾರ ಗರ್ಭಿಣಿಯ ಸ್ಕ್ಯಾನಿಂಗ್ ಮಾಡುವವರು ನಿಗದಿತ ಅರ್ಹತೆಯುಳ್ಳ ವೈದ್ಯರೇ ಆಗಿರಬೇಕು. ಎಂಬಿಬಿಎಸ್ ಓದಿದ ಮಾತ್ರಕ್ಕೆ ಸಾಲದು ಎಂದು 2014ರಲ್ಲಿ ಆರು ತಿಂಗಳ ತರಬೇತಿಯ ನಿಯಮವೂ ಬಂತು. ಆ ಆರು ತಿಂಗಳು ವೈದ್ಯರಿಗಾಗಿ ಇರುವುದು. ಪಿಯುಸಿ ಮುಗಿಸಿದವರಿಗೆ ಮಾರುವ ಆರು ತಿಂಗಳ ಕೋರ್ಸಿಗೂ ಅದಕ್ಕೂ ಸಂಬಂಧವಿಲ್ಲ. ಹೊಟ್ಟೆ, ಮೂತ್ರಪಿಂಡ, ಥೈರಾಯ್ಡ್ ಸ್ಕ್ಯಾನಿಂಗಿಗೆ ಬಳಸುವ ಯಂತ್ರವೂ ಸಾಮಾನ್ಯವಾಗಿ ಅದೇ. ಕೇಂದ್ರವೂ ನೋಂದಾಯಿತ, ಪ್ರೋಬ್ ಹಿಡಿಯುವ ವೈದ್ಯರ ಹೆಸರೂ ನೋಂದಾಯಿತ. ಗರ್ಭಿಣಿಯರ ಪ್ರತಿ ಸ್ಕ್ಯಾನಿಂಗಿಗೂ 'ಫಾರ್ಮ್ ಎಫ್' ತುಂಬಬೇಕು. ಕಾಯ್ದೆ ಮೀರಿದರೆ ಮೊದಲ ಬಾರಿಗೆ ಮೂರು ವರ್ಷದವರೆಗೆ ಜೈಲು ಮತ್ತು 10,000 ರೂಪಾಯಿವರೆಗೆ ದಂಡ. ಯಂತ್ರಕ್ಕೆ ಮೊಹರು ಬೀಳುತ್ತದೆ. ದಾಖಲೆಯ ಲೋಪವನ್ನು ಬರೀ ಗುಮಾಸ್ತಿಕೆಯ ತಪ್ಪೆಂದು ತಳ್ಳಿಹಾಕಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಿರುವಾಗ ಯಾವ ಆಸ್ಪತ್ರೆಯ ಆಡಳಿತ ತಾನೇ ಟೆಕ್ನಿಷಿಯನ್ ಕೈಗೆ ಪ್ರೋಬ್ ಕೊಟ್ಟೀತು? ಹಳ್ಳಿಯ ಸಣ್ಣ ಆಸ್ಪತ್ರೆಗಳನ್ನು ನಡೆಸುವ ಧರ್ಮಭಗಿನಿಯರಿಗೂ ಇದೇ ಮಾತು ಅನ್ವಯಿಸುತ್ತದೆ. ಎಷ್ಟೇ ಅನುಭವಿ ನರ್ಸ್ ಆಗಿದ್ದರೂ ವೈದ್ಯರ ಬದಲಿಗೆ ಅವರು ಗರ್ಭಿಣಿಯ ಸ್ಕ್ಯಾನಿಂಗ್ ಮಾಡುವಂತಿಲ್ಲ.

2021ರಲ್ಲಿ ಕೇಂದ್ರ ಸರಕಾರ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯನ್ನು ತಂದಿದೆ. ಅದರ ಪಟ್ಟಿಯಲ್ಲಿ ಇಮೇಜಿಂಗ್ ವೃತ್ತಿಗಳ ಜೊತೆ ಸೋನೋಗ್ರಾಫರ್ ಎಂಬ ಹೆಸರೂ ಸೇರಿದೆ. ಕೆಲವು ಜಾಹೀರಾತುಗಳು ಇದನ್ನೇ ಎತ್ತಿ ತೋರಿಸಬಹುದು. ಆದರೆ ಹೆಸರು ಸೇರಿದ್ದರಿಂದ ಪಿಸಿಪಿಎನ್‌ಡಿಟಿ ಕಾಯ್ದೆಯ ಷರತ್ತು ಸಡಿಲವಾಗಿಲ್ಲ. ಅಷ್ಟೇ ಅಲ್ಲ, ಅಲೈಡ್ ವೃತ್ತಿಪರ ಎನಿಸಿಕೊಳ್ಳಲು ಕನಿಷ್ಠ 2,000 ಗಂಟೆಗಳ ಕಲಿಕೆ ಬೇಕೆಂದು ಆ ಕಾಯ್ದೆಯೇ ಹೇಳುತ್ತದೆ. ಆರು ತಿಂಗಳ ಕೋರ್ಸ್ ಇಲ್ಲೂ ನಿಲ್ಲುವುದಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಸ್ವಲ್ಪ ಸುತ್ತಿನ ದಾರಿ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಯಲ್ಲಿ ಬಿಎಸ್ಸಿ ಮಾಡಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಕಂಕನಾಡಿಯ ಫಾದರ್ ಮುಲ್ಲರ್ ಸೇರಿದಂತೆ ಹಲವು ಕಾಲೇಜುಗಳಲ್ಲಿ ಈ ಪದವಿ ಇದೆ, ಮಣಿಪಾಲದಲ್ಲೂ ಇದೆ. ಎಕ್ಸ್‌ರೇ, ಸಿಟಿ, ಎಂಆರ್‌ಐ ಇಲ್ಲಿನ ಮುಖ್ಯ ಕಲಿಕೆ. ಇವುಗಳಲ್ಲಿ ಟೆಕ್ನಾಲಜಿಸ್ಟ್‌ಗಳಿಗೆ ನಮ್ಮ ದೇಶದಲ್ಲೇ ಕೆಲಸವಿದೆ, ಕಾನೂನಿನ ತೊಡಕಿಲ್ಲ. ಇಂಗ್ಲೆಂಡಿಗೆ ಹೋಗಬಯಸುವವರು ರೇಡಿಯೋಗ್ರಾಫರ್ ಆಗಿ ಅಲ್ಲಿನ ಎಚ್‌ಸಿಪಿಸಿ ನೋಂದಣಿ ಪಡೆದು, ಅಲ್ಲಿ ಕೆಲಸ ಮಾಡುತ್ತಲೇ ಅಲ್ಟ್ರಾಸೌಂಡ್ ಕಲಿಯುವುದು ಸಾಧ್ಯ. ಪದವಿಯ ಬಲ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅಮೆರಿಕದ ನೋಂದಣಿಗೆ ನೇರವಾಗಿ ಇಲ್ಲಿಂದ ಪ್ರಯತ್ನಿಸುವವರು ಒಂದು ಸಿಕ್ಕನ್ನು ಗಮನಿಸಬೇಕು. ಬೇರೆ ವಿಷಯದ ಪದವೀಧರರಿಗೆ ಎಆರ್‌ಡಿಎಂಎಸ್ ತೆರೆದಿಟ್ಟ ದಾರಿಯಲ್ಲಿ ಹನ್ನೆರಡು ತಿಂಗಳ ಪೂರ್ಣಕಾಲಿಕ ಅಲ್ಟ್ರಾಸೌಂಡ್ ಅನುಭವ ಬೇಕು. ಇಲ್ಲಿ ವೈದ್ಯರಲ್ಲದವರಿಗೆ ಆ ಅನುಭವ ನ್ಯಾಯವಾಗಿ ಸಿಗುವುದೇ ಕಷ್ಟ. "ಅನುಭವದ ಪತ್ರ ನಾವು ಕೊಡಿಸುತ್ತೇವೆ" ಎನ್ನುವ ಏಜೆಂಟರು ಸಿಕ್ಕಾರು. ಅದು ಸುಳ್ಳು ಪತ್ರ, ಮತ್ತು ಹಾಗೆ ಪರೀಕ್ಷೆ ಪಾಸಾದವರ ಕೈಯಲ್ಲಿ ನಾಳೆ ಒಬ್ಬ ತಾಯಿಯ ಗರ್ಭದ ತಪಾಸಣೆ ಇರುತ್ತದೆ. ಗಲ್ಫ್ ದೇಶಗಳ ಆರೋಗ್ಯ ಇಲಾಖೆಗಳು ಸರ್ಟಿಫಿಕೇಟುಗಳನ್ನು ಡೇಟಾಫ್ಲೋ ಮೂಲಕ ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸುತ್ತವೆ ಎಂಬುದನ್ನೂ ನೆನಪಿಡಿ.

ಪ್ರತಿಧ್ವನಿಯ ವಿದ್ಯೆಯಲ್ಲೇ ಆಸಕ್ತಿ ಇರುವವರಿಗೆ ಇನ್ನೊಂದು ದಾರಿ ಹೃದಯದ್ದು. ಕಾರ್ಡಿಯಾಕ್ ಕೇರ್ ಟೆಕ್ನಾಲಜಿಯ ಬಿಎಸ್ಸಿ ಮಾಡಿದವರು ಹೃದ್ರೋಗ ತಜ್ಞರ ಕೈಕೆಳಗೆ ಇಸಿಜಿ, ಟ್ರೆಡ್‌ಮಿಲ್, ಕ್ಯಾಥ್ ಲ್ಯಾಬ್ ಕೆಲಸಗಳ ಜೊತೆ ಎಕೋ ಪರೀಕ್ಷೆಯಲ್ಲೂ ನೆರವಾಗುತ್ತಾರೆ. ನಮ್ಮ ಯುವಜನರು ಇದರ ಬಗ್ಗೆ ಕೇಳುವುದು ಯಾಕೋ ಕಡಿಮೆ.

ಹೆತ್ತವರು ಶುಲ್ಕ ಕಟ್ಟುವ ಮೊದಲು ಸಂಸ್ಥೆಯವರ ಬಳಿ ಕೇಳಬೇಕಾದದ್ದು ಹೆಚ್ಚಿಲ್ಲ. ಈ ಕೋರ್ಸಿಗೆ ಮಾನ್ಯತೆ ಕೊಟ್ಟ ವಿಶ್ವವಿದ್ಯಾಲಯ ಅಥವಾ ಪ್ಯಾರಾಮೆಡಿಕಲ್ ಮಂಡಳಿ ಯಾವುದು? ಅಭ್ಯಾಸ ಯಾವ ಆಸ್ಪತ್ರೆಯಲ್ಲಿ? ಕಳೆದ ವರ್ಷ ಮುಗಿಸಿದವರಲ್ಲಿ ಇಬ್ಬರೊಡನೆ ಮಾತಾಡಿಸುತ್ತೀರಾ? ಇದನ್ನು ಮುಗಿಸಿದವರು ಭಾರತದಲ್ಲಿ ಪ್ರೋಬ್ ಹಿಡಿಯಬಹುದೇ? ಕೊನೆಯ ಪ್ರಶ್ನೆಗೆ ಹೌದೆಂದು ಹೇಳಿದರೆ ಅದನ್ನು ಬರೆದು ಕೊಡಲು ಹೇಳಿ. ವಾಳೆಯ ಗುರಿಕಾರರು, ಶಿಕ್ಷಣ ನಿಧಿಯ ಜವಾಬ್ದಾರಿ ಹೊತ್ತವರು ಮತ್ತು ನಾವು ಧರ್ಮಗುರುಗಳು ಸಹಿ ಹಾಕುವ ಮೊದಲು ಇದೇ ಪ್ರಶ್ನೆಗಳನ್ನು ಕೇಳಿದರೆ ಒಳ್ಳೆಯದು.

ಚರ್ಚ್ ಸಭಾಂಗಣದಲ್ಲಿ ಆರೋಗ್ಯ ಶಿಬಿರ ನಡೆಸುವ ಸಂಘಟನೆಗಳಿಗೂ ಒಂದು ಮಾತು. ವೈದ್ಯರು ಜೊತೆಗಿದ್ದಾರೆಂದು ಎಲ್ಲಿಂದಲೋ ಪೋರ್ಟಬಲ್ ಸ್ಕ್ಯಾನಿಂಗ್ ಯಂತ್ರ ತಂದಿಡಬೇಡಿ. ಒಳರೋಗಿಗಳಿಗೆ ಚಿಕಿತ್ಸೆ ನೀಡುವ ನೋಂದಾಯಿತ ಆಸ್ಪತ್ರೆಯ ಒಳಗೆ ಅಥವಾ ನೋಂದಾಯಿತ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ ಮಾತ್ರ ಅದನ್ನು ಬಳಸಲು 2012ರ ನಿಯಮಗಳು ಅವಕಾಶ ಕೊಡುತ್ತವೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಆರಂಭದಲ್ಲಿ ಹೇಳಿದ ಹುಡುಗಿ ಒಂದು ವರ್ಷ ಕಳೆದು ಇಮೇಜಿಂಗ್ ಪದವಿಗೆ ಸೇರಿದಳು. ಈಗ ಸಿಟಿ ವಿಭಾಗದಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ. ಮೊದಲ ಕೋರ್ಸಿಗೆ ಎತ್ತಿದ ಸಾಲದ ಕಂತನ್ನು ಅವಳ ತಾಯಿ ಇಂದಿಗೂ ಕಟ್ಟುತ್ತಿದ್ದಾರೆ.