ಮರಳಿನಡಿಯ ಹೊಳೆ

ನದಿಯೇ ಇಲ್ಲದ ನಾಡಿನಲ್ಲಿ ಹೊಳೆದಂಡೆಯ ಹಳ್ಳಿಗಳೆಲ್ಲಿ ಬರಬೇಕು ಅಂದುಕೊಂಡಿದ್ದೆ. ಅಬುಧಾಬಿಯಿಂದ ನೂರೈವತ್ತು ಕಿಲೋಮೀಟರಿನಷ್ಟು ಮರಳು ದಾಟಿ ಅಲ್ ಐನ್‌ನ ಖರ್ಜೂರದ ತೋಟಕ್ಕೆ ಕಾಲಿಟ್ಟೆ ನೋಡಿ, ಜುಳುಜುಳು ಸದ್ದು! ಮಣ್ಣುಗೋಡೆಗಳ ನಡುವಿನ ಓಣಿ, ಮೇಲೆ ಗರಿಗಳ ಚಪ್ಪರ, ಬದಿಯ ಕಿರುಗಾಲುವೆಯಲ್ಲಿ ತಿಳಿನೀರು. ನಮ್ಮ ಕಡೆಯ ಅಡಿಕೆ ತೋಟದ ಕಣಿಯೇ!

ಇದರ ಹೆಸರು ಫಲಜ್. ಬೆಟ್ಟದ ಬುಡದಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ಊರಿನವರೆಗೆ ಕಂಡೂ ಕಾಣದಷ್ಟು ಇಳಿಜಾರಿನಲ್ಲಿ ಸುರಂಗ ಕೊರೆದರೆ ಮುಗಿಯಿತು, ನೀರು ತಾನಾಗಿ ನಡೆದು ಬರುತ್ತದೆ. ಯಂತ್ರವಿಲ್ಲ, ಏತವಿಲ್ಲ. ಬಿಸಿಲಿಗೆ ಆರುವುದೂ ಇಲ್ಲ, ಊರು ಮುಟ್ಟುವವರೆಗೆ ಹರಿವೆಲ್ಲ ನೆಲದಡಿ! ಅಲ್ ಐನ್‌ನ ಹಿಲಿಯಲ್ಲಿ ಸಿಕ್ಕಿರುವ ಫಲಜ್‌ಗೆ ಸುಮಾರು 3000 ವರ್ಷ. ಅಂದರೆ ನಮ್ಮ ಹಲ್ಮಿಡಿ ಶಾಸನಕ್ಕಿಂತ ಸಾವಿರದೈನೂರು ವರ್ಷ ಹಿರಿದು!

ಹಿಲಿ, ಜಿಮಿ, ಕತ್ತಾರಾ, ಮುವೈಜಿ. ಇಂದು ಒಂದೇ ನಗರದ ಬಡಾವಣೆಗಳಾದರೂ ಒಂದೊಂದೂ ತನ್ನ ನೀರು, ತನ್ನ ತೋಟ ಹಿಡಿದು ಬೆಳೆದ ಊರು. 1946ರಲ್ಲಿ ಇಲ್ಲಿಗೆ ಆಡಳಿತ ನಡೆಸಲು ಬಂದ ಶೇಖ್ ಝಾಯೆದ್ ಫಲಜ್‌ಗಳ ಹೂಳೆತ್ತಿಸಿದರು. 2011ರಲ್ಲಿ ಯುನೆಸ್ಕೋ ಈ ತೋಟಗಳನ್ನೂ ಹಿಲಿಯ ಗೋರಿಗಳನ್ನೂ ವಿಶ್ವಪರಂಪರೆಗೆ ಸೇರಿಸಿತು. ಅಲ್ಲಿನ ದೊಡ್ಡ ಗೋರಿಯ ಬಾಗಿಲ ಮುಂದೆ ನಾನಂತೂ ನಿಂತೇಬಿಟ್ಟೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಉದ್ದ ಕೊಂಬಿನ ಎರಡು ಓರಿಕ್ಸ್ ಹುಲ್ಲೆಗಳು, ನಡುವೆ ಇಬ್ಬರು ಮನುಷ್ಯರು. ನಾಲ್ಕು ಸಾವಿರ ವರ್ಷಗಳ ಹಿಂದೆ ಕೆತ್ತಿದವರ ಕೈ ಎಷ್ಟು ನಯ!

ಆದರೆ ನನ್ನನ್ನು ಮತ್ತೆ ತೋಟಕ್ಕೆ ಎಳೆದದ್ದು ನೀರು. ಕಾಸರಗೋಡು, ಬಂಟ್ವಾಳದ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ನೀರು ತರುವ ಸುರಂಗ ಇದರ ಒಡಹುಟ್ಟೇ ಅಲ್ಲವೇ? ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಬೀದರಿನ ನೌಬಾದಿನಲ್ಲಿ ಬಹಮನಿಯರ ಕಾಲದ ಕರೇಜ್ ಇದೆ, ಅದರದ್ದೂ ಇದೇ ವಿದ್ಯೆ. ಇನ್ನೂ ಕೇಳಿ: ಅರಬ್ಬಿಯಲ್ಲಿ ‘ಐನ್’ ಅಂದರೆ ಕಣ್ಣು, ಒರತೆಯೂ ಹೌದು. ಬಾವಿ ತೋಡುವ ನಮ್ಮವರೂ ಒರತೆಯ ಬಾಯಿಗೆ ಕಣ್ಣು ಅಂತಲೇ ಅನ್ನುತ್ತಾರೆ!

ಸಂಜೆ ತೋಟದಾಳು ಬಗ್ಗಿ, ಕಾಲುವೆಯ ಕಿಂಡಿಗೆ ತುರುಕಿದ್ದ ಹಳೇ ಬಟ್ಟೆಯ ಉಂಡೆ ಕಿತ್ತ. ಒಣಗಿದ ಪಾತಿಗೆ ನೀರು ನುಗ್ಗಿತು. ಮಣ್ಣಿನ ಬಿರುಕುಗಳಿಂದ ಗುಳ್ಳೆ ಏಳುತ್ತಾ, ಮರದ ಬುಡ ಸುತ್ತಿ, ಮುಂದಿನ ಪಾತಿಯತ್ತ ಹೊರಟಿತು.