ಒಬ್ಬರ ಸಂಪಾದನೆಯ ಸಂಸಾರ

ಗೃಹಸ್ಥಾಶ್ರಮದ ಹೊಣೆ ಹೊತ್ತವರಿಗೆ ಹಣದ ಚಿಂತೆ ತಪ್ಪಿದುದಲ್ಲ. ಮನೆಯಲ್ಲಿ ಉಣ್ಣುವವರು ಐದಾರು ಮಂದಿಯಿದ್ದು ಸಂಪಾದಿಸುವ ಕೈ ಒಂದೇ ಆಗಿದ್ದರೆ ಆ ಚಿಂತೆಯು ಇಮ್ಮಡಿಯಾಗುವುದು ಸಹಜವು. ಹುಡುಗನಿಗೆ ಯಾವ ವಿದ್ಯೆ ಕಲಿಸಿದರೆ ಅವನ ಸಂಸಾರ ನೆಮ್ಮದಿಯಿಂದ ನಡೆದೀತು, ಮಗಳನ್ನು ಎಂಥ ಉದ್ಯೋಗಸ್ಥನಿಗೆ ಕೊಟ್ಟರೆ ಅವಳು ಸುಖವಾಗಿದ್ದಾಳು ಎಂದು ತಂದೆತಾಯಿಗಳು ಯೋಚಿಸದ ಮನೆಯಿಲ್ಲ. ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರವೊಂದೇ: ಹೆಚ್ಚು ಓದಿದರೆ ಹೆಚ್ಚು ಸಂಬಳ, ಹೆಚ್ಚು ಸಂಬಳವಾದರೆ ಹೆಚ್ಚು ನೆಮ್ಮದಿ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಅದೇ ಪೂರ್ಣ ಸತ್ಯವೇ ಎಂಬುದನ್ನು ಒರೆಗೆ ಹಚ್ಚಿ ನೋಡುವುದು ಯುಕ್ತವಾಗಿದೆ.

ಹಾಗೆ ನೋಡುವುದಕ್ಕೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಬಹಳ ಅನುಕೂಲವಾದ ಪ್ರದೇಶ. ಅಡಿಕೆ ತೋಟದ ಯಜಮಾನ, ಗೇಣಿಯಿಂದ ಒಡೆತನಕ್ಕೆ ಬಂದ ಗದ್ದೆಯ ರೈತ, ಮರವೇರುವ ಕೊನೆಗಾರ, ಶಾಲೆಯ ಮೇಷ್ಟರು, ಗಂಧದ ಕೆತ್ತನೆಯ ಗುಡಿಗಾರ, ಮಗನನ್ನು ಬೆಂಗಳೂರಿಗೆ ಕಳುಹಿಸಿ ಅವನು ಕಳುಹಿಸುವ ಹಣದಿಂದ ಬಾಳುವ ವೃದ್ಧ ದಂಪತಿಗಳು, ಇವರೆಲ್ಲರೂ ಇಲ್ಲಿ ಒಂದೇ ಸೀಮೆಯಲ್ಲಿ ನೆರೆಹೊರೆಯಾಗಿ ಇದ್ದಾರೆ. ಒಂದೊಂದು ವೃತ್ತಿಗೂ ಮೂರು ಪ್ರಶ್ನೆಗಳನ್ನು ಹಾಕೋಣ. ಹಣವು ವರ್ಷದಲ್ಲಿ ಎಷ್ಟು ಬಾರಿ ಕೈಗೆ ಬರುತ್ತದೆ? ದುಡಿಯುವವನು ಹಾಸಿಗೆ ಹಿಡಿದರೆ ಅದು ನಿಲ್ಲುತ್ತದೆಯೇ? ಅವನು ಇಲ್ಲವಾದ ಮೇಲೆ ಮನೆಯಲ್ಲಿ ಉಳಿಯುವುದೇನು? ಎಷ್ಟು ಸಂಬಳವೆಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಈ ಮೂರನ್ನು ಕೇಳುವವರು ವಿರಳ.

ಮೊದಲು ಅಡಿಕೆ ತೋಟದ ಗೃಹಸ್ಥನನ್ನು ತೆಗೆದುಕೊಳ್ಳೋಣ. ಒಂಬತ್ತು ಅಡಿಗೊಂದರಂತೆ ಸಸಿ ನೆಟ್ಟರೆ ಎಕರೆಗೆ ಸುಮಾರು 540 ಮರಗಳು ಹಿಡಿಯುತ್ತವೆ. ಫಸಲಿಗೆ ಐದರಿಂದ ಏಳು ವರ್ಷ ಕಾಯಬೇಕು. ಆ ಬಳಿಕ ಮರವು ಹಲವು ದಶಕ ಕಾಯಿ ಕೊಡುತ್ತದೆ. ಆದರೆ ಕೊಯ್ಲು ವರ್ಷಕ್ಕೊಂದೇ ಕಾಲದಲ್ಲಿ. ಕಾರ್ತಿಕದಿಂದ ಮಾಘದವರೆಗೆ ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ, ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಮಾರಿದ ಮೇಲೆ ಹಣದ ಮುಖ ಕಾಣುವುದು. ಖರ್ಚಾದರೋ ಹಾಗೆ ಕಾಯುವುದಿಲ್ಲ. ಮಕ್ಕಳ ಶಾಲೆಯ ಫೀಜು, ಪುಸ್ತಕ, ಮಳೆಗಾಲಕ್ಕೆ ಬೇಕಾದ ದಿನಸಿ, ಕೊಳೆರೋಗದ ಔಷಧ ಹೊಡೆಯುವ ಕೂಲಿ, ಇವೆಲ್ಲವೂ ಜೂನ್ ಜುಲೈ ತಿಂಗಳುಗಳಲ್ಲಿಯೇ ಒಟ್ಟಾಗಿ ಬಂದು ಬಾಗಿಲು ತಟ್ಟುತ್ತವೆ.

ವರ್ಷಕ್ಕೆ 3,60,000 ರೂಪಾಯಿ ಉತ್ಪನ್ನವಿರುವ ಇಬ್ಬರು ಗೃಹಸ್ಥರನ್ನು ಊಹಿಸಿಕೊಳ್ಳಿರಿ. ಒಬ್ಬನಿಗೆ ತಿಂಗಳಿಗೆ 30,000ದಂತೆ ಬರುತ್ತದೆ. ಇನ್ನೊಬ್ಬನಿಗೆ ಮಾಘದಲ್ಲಿ ಒಂದೇ ಗಂಟಾಗಿ ಬರುತ್ತದೆ. ಲೆಕ್ಕದಲ್ಲಿ ಇಬ್ಬರೂ ಸಮಾನರು. ಆದರೆ ಎರಡನೆಯವನು ಗಂಟನ್ನು ಹನ್ನೆರಡು ಪಾಲು ಮಾಡಿ ಕಟ್ಟಿಡುವ ಸಂಯಮವಿಲ್ಲದವನಾದರೆ ಮಳೆಗಾಲದಲ್ಲಿ ಮಂಡಿಯಿಂದ ಮುಂಗಡ ತರುವನು, ಇಲ್ಲವೆ ಫಸಲು ಮರದಲ್ಲಿರುವಾಗಲೇ ತೋಟವನ್ನು ಚೇಣಿಗೆ ಕೊಡುವನು. ಮುಂಗಡ ತಂದವನಿಗೆ ಧಾರಣೆ ಏರುವ ತನಕ ಕಾಯುವ ಸ್ವಾತಂತ್ರ್ಯವಿಲ್ಲ. 1939ರಲ್ಲಿ ಶಿವಮೊಗ್ಗೆಯಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವೂ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯೂ ಹುಟ್ಟಿದುದು ಬೆಳೆಗಾರನ ಈ ದೌರ್ಬಲ್ಯಕ್ಕೆ ಮದ್ದಾಗಿಯೇ. ಆದರೂ ಧಾರಣೆಯು ಯಾರ ಕೈಯಲ್ಲಿಯೂ ಪೂರ್ತಿಯಾಗಿ ನಿಲ್ಲುವ ವಸ್ತುವಲ್ಲ. 2014ರಲ್ಲಿ ಕೆಂಪಡಿಕೆಯ ಬೆಲೆ ಅಲ್ಲಿಯವರೆಗೆ ಕಾಣದಷ್ಟು ಏರಿ, ಎರಡು ವರ್ಷಗಳೊಳಗೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಏರಿದ ವರ್ಷದ ಲೆಕ್ಕ ಹಿಡಿದು ಮನೆ ಕಟ್ಟಿಸಲು ಸಾಲ ಮಾಡಿದವರು ಇಳಿದ ವರ್ಷಗಳಲ್ಲಿ ಅದನ್ನು ತೀರಿಸಬೇಕಾಯಿತು.

ಇನ್ನು ತೋಟದವನಿಗೆ ಓದಿನಿಂದ ಪ್ರಯೋಜನವೇನು? ಸಂಬಳವಲ್ಲ, ವಿವೇಕ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಅಭ್ಯಾಸಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಇಷ್ಟೇ ಅದರ ಪಾಕ. ಇದನ್ನು ಹದವರಿತು ಕಾಲಕ್ಕೆ ಸರಿಯಾಗಿ ಹೊಡೆಸುವ ತಿಳಿವಳಿಕೆಯು ಒಂದು ಪದವಿಗಿಂತ ಕಡಿಮೆಯದಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವು ಹೊಸನಗರ, ತೀರ್ಥಹಳ್ಳಿಯ ತೋಟಗಳನ್ನು ಕಾಡತೊಡಗಿದ ಮೇಲೆ ಓದಿ ತಿಳಿಯುವ ಅಗತ್ಯ ಇನ್ನೂ ಹೆಚ್ಚಿದೆ. ಎರಡನೆಯ ಪ್ರಶ್ನೆಗೆ ತೋಟದ ಉತ್ತರ ಸಮಾಧಾನಕರವಾದುದು: ಯಜಮಾನ ಮಲಗಿದರೂ ಮರ ಮಲಗುವುದಿಲ್ಲ. ಮೂರನೆಯದಕ್ಕೂ ಹಾಗೆಯೇ, ಆದರೆ ಒಂದು ಎಚ್ಚರಿಕೆಯುಂಟು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲೆಂದು 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ನ್ಯಾಯವಾಗಿಯೇ ಕಾಯಿದೆ ಮಾಡಿವೆ. ಎರಡು ಎಕರೆ ತೋಟವು ನಾಲ್ವರು ಮಕ್ಕಳಲ್ಲಿ ಹಂಚಿಹೋದರೆ ಒಬ್ಬೊಬ್ಬರಿಗೆ ಇಪ್ಪತ್ತು ಗುಂಟೆ, 270 ಮರ. ತಂದೆಯ ಸಂಸಾರವನ್ನು ಪೋಷಿಸಿದ ತೋಟವು ನಾಲ್ಕು ಸಂಸಾರಗಳನ್ನು ಪೋಷಿಸಲಾರದು. ಮುಂದಿನ ತಲೆಗೆ ಬೇರೆ ವಿದ್ಯೆ ಬೇಕೇ ಬೇಕು.

ಹೊಲಗದ್ದೆ ಮಾಡುವವನ ಕಥೆ ಬೇರೆ. ಈ ಸೀಮೆಯಲ್ಲಿ ಬಹುಮಂದಿ ಒಕ್ಕಲುಗಳು ತಲೆಮಾರುಗಳಿಂದ ಗೇಣಿಗೆ ಉತ್ತವರು. ಗೇಣಿ ಅಳೆಯುವ ಕೊಳಗದ ಅಳತೆಯ ಕುರಿತು ಎದ್ದ ವ್ಯಾಜ್ಯವು 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಗಿ ಬೆಳೆಯಿತು. ಎಚ್. ಗಣಪತಿಯಪ್ಪನವರು ಮುಂದಾಳಾಗಿದ್ದ ಈ ಹೋರಾಟಕ್ಕೆ ಡಾಕ್ಟರ್ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ತರುವಾಯ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನೇ ಒಡೆಯನಾಗುವ ಮಾರ್ಗ ತೆರೆಯಿತು. ಅದಕ್ಕೆ ಮುಂಚೆ ಯಜಮಾನ ಸತ್ತರೆ ಗೇಣಿಯ ನೆಲ ಉಳಿದೀತೋ ಇಲ್ಲವೋ ಎಂಬ ಭಯವಿದ್ದ ಮನೆಯಲ್ಲಿ, ಪಹಣಿಯ ಒಂದು ಹಾಳೆಯಿಂದ ಆ ಭಯ ಹೋಯಿತು. ಆದಾಯವು ಒಂದೇ ದಿನದಲ್ಲಿ ಹೆಚ್ಚಲಿಲ್ಲ, ಆಧಾರವು ಗಟ್ಟಿಯಾಯಿತು. ಆ ಧೈರ್ಯದ ಮೇಲೆಯೇ ಅನೇಕರು ಮಕ್ಕಳನ್ನು ಹೈಸ್ಕೂಲು ಕಾಲೇಜುಗಳಿಗೆ ಕಳುಹಿಸಲಾದುದು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇಲ್ಲಿಯೇ ಉಂಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಸಾಗರ, ಹೊಸನಗರಗಳ ಎಷ್ಟೋ ಗ್ರಾಮಗಳು ಮುಳುಗಿದುವು. ನಾಡಿಗೆ ದೀಪ ಕೊಟ್ಟ ಆ ಕುಟುಂಬಗಳಲ್ಲಿ ಅನೇಕವು ಹೊಸ ಜಾಗದಲ್ಲಿ ಹಕ್ಕುಪತ್ರವಿಲ್ಲದೆ ದಶಕಗಳನ್ನು ಕಳೆದುವು. ದುಡಿಯುವ ತೋಳು ಅದೇ, ತಿಳಿವಳಿಕೆ ಅದೇ; ಕಾಗದವೊಂದಿಲ್ಲದೆ ಬಾಳು ಸಡಿಲವಾಯಿತು.

ಕೊನೆಗಾರನದು ಮತ್ತೊಂದು ಬಗೆ. ಅಕ್ಷರ ಹೆಚ್ಚು ಕಲಿಯದಿದ್ದರೂ ಅವನ ಕೈಚಳಕಕ್ಕೆ ಬೆಲೆಯುಂಟು. ಕೊಯ್ಲಿನ ಕಾಲದಲ್ಲಿ ಅವನ ದಿನಗೂಲಿಯು ಓದಿದ ಗುಮಾಸ್ತನ ದಿನದ ಸಂಬಳವನ್ನು ಮೀರುವುದೂ ಉಂಟು. ಆದರೆ ಆ ಸಂಪಾದನೆಯು ಕೆಲವು ತಿಂಗಳಿನದು, ಮೈಯಲ್ಲಿ ಕಸುವಿರುವವರೆಗಿನದು. ಆಗುಂಬೆಯ ಸೀಮೆಯ ಮಳೆಯಲ್ಲಿ ಜಾರುವ ಮರವನ್ನೇರಿ ಔಷಧ ಹೊಡೆಯುವವನ ಕಾಲು ಒಮ್ಮೆ ತಪ್ಪಿದರೆ ಆ ಮನೆಯ ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ ಕ್ಷಣದಲ್ಲಿ ಬರೆದುಹೋಗುತ್ತದೆ. ಈಗ ನೆಲದ ಮೇಲೆ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಅವನ್ನು ಬಳಸಲು ಕಲಿತ ಕೊನೆಗಾರನಿಗೆ ಪ್ರಾಣಭಯ ಕಡಿಮೆ, ದುಡಿಯುವ ವಯಸ್ಸೂ ಹೆಚ್ಚು. ಅಲ್ಲದೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ ಅಪಘಾತ ಮರಣಕ್ಕೆ 2 ಲಕ್ಷ ರೂಪಾಯಿಯ ವಿಮೆ ದೊರೆಯುತ್ತದೆ. ಒಂದು ಕವಳದ ಖರ್ಚಿನಲ್ಲಿ ಆಗುವ ಈ ಕೆಲಸವನ್ನು ಮರವೇರುವ ಮನೆಯವರು ಉದಾಸೀನಮಾಡತಕ್ಕದ್ದಲ್ಲ.

ಗುಡಿಗಾರರ ವಿದ್ಯೆಯು ತಂದೆಯ ಉಳಿಯಿಂದ ಮಗನ ಉಳಿಗೆ ಬಂದುದು. ಸಾಗರದ ಗಂಧದ ಕೆತ್ತನೆಗೆ ದೂರದೂರದಲ್ಲಿ ಹೆಸರಿದೆ. ಆದರೆ ಕೆಲಸಗಾರನು ಕೆತ್ತುವ ಮರ ಅವನದಲ್ಲ. ಗಂಧವು ದುರ್ಲಭವೂ ದುಬಾರಿಯೂ ಆದಂತೆ ಶಿವನೆ ಮುಂತಾದ ಮರಗಳತ್ತ ತಿರುಗಬೇಕಾಯಿತು. ವಿದ್ಯೆ ಸ್ವಂತದ್ದಾದರೂ ಸಾಮಗ್ರಿ ಪರಾಧೀನವಾದರೆ ಸಂಪಾದನೆಯೂ ಪರಾಧೀನವೇ ಸರಿ.

ಈಗ ಓದಿ ಉದ್ಯೋಗಕ್ಕೆ ಸೇರಿದವರ ಕಡೆಗೆ ಬರೋಣ. ಸರಕಾರಿ ಶಾಲೆಯ ಉಪಾಧ್ಯಾಯರ ಸಂಬಳ ತೋಟದ ಒಳ್ಳೆಯ ವರ್ಷದ ಉತ್ಪನ್ನಕ್ಕೆ ಸಮನಾಗದಿರಬಹುದು. ಆದರೆ ತಿಂಗಳು ತಿಂಗಳು ತಪ್ಪದೆ ಬರುತ್ತದೆ. ಕಾಯಿಲೆ ಬಿದ್ದರೆ ರಜೆಯುಂಟು. ಬ್ಯಾಂಕಿನವರು ನಂಬಿ ಸಾಲ ಕೊಡುತ್ತಾರೆ. ಅವಿವಾಹಿತ ತಮ್ಮ ತಂಗಿಯರನ್ನೂ ವೃದ್ಧ ತಾಯಿಯನ್ನೂ ಒಬ್ಬಳೇ ಉಪಾಧ್ಯಾಯಿನಿ ದಡ ಮುಟ್ಟಿಸಿದ ಮನೆಗಳು ಮಲೆನಾಡಿನಲ್ಲಿ ಅಪರೂಪವಲ್ಲ. ಆದರೆ ಇಲ್ಲಿಯೂ ಒಂದು ಭೇದವನ್ನು ಗಮನಿಸಬೇಕು. 2006ರ ಏಪ್ರಿಲ್ 1ರ ತರುವಾಯ ರಾಜ್ಯದ ನೌಕರಿಗೆ ಸೇರಿದವರಿಗೆ ಹಿಂದಿನಂಥ ನಿಶ್ಚಿತ ಪಿಂಚಣಿಯ ಬದಲು ಸಂಬಳದಿಂದ ಪ್ರತಿ ತಿಂಗಳೂ ವಂತಿಗೆ ಹಿಡಿದು ಕೂಡಿಸುವ ಪದ್ಧತಿ ಬಂದಿತು. ಒಂದೇ ಕೊಠಡಿಯಲ್ಲಿ ಪಾಠ ಹೇಳಿದ ಹಿರಿಯ, ಕಿರಿಯ ಮೇಷ್ಟರ ಮುಪ್ಪು ಒಂದೇ ತೆರನಾಗಿಲ್ಲ.

ಇನ್ನೂ ಮೇಲೆ ಓದಿದವರ ಸ್ಥಿತಿಯೇ ಕೆಲವು ವೇಳೆ ಹೆಚ್ಚು ಕರುಣಾಜನಕವಾದುದು. ಎಂ.ಎ. ಮುಗಿಸಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದವನನ್ನು ನೋಡಿರಿ. ನೇಮಕವು ಒಂದೊಂದು ಶೈಕ್ಷಣಿಕ ವರ್ಷಕ್ಕೆ. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ. ಪದವಿಯಲ್ಲಿ ಅವನು ಊರಿಗೆಲ್ಲ ಹಿರಿಯ; ಭರವಸೆಯಲ್ಲಿ ಕೊನೆಗಾರನ ನೆರೆಯವ. ಇದರಿಂದ ವಿದ್ಯೆ ನಿಷ್ಫಲವೆಂದು ಹೇಳಿದಂತಾಗುವುದಿಲ್ಲ. ಪದವಿಯ ಎತ್ತರ ಬೇರೆ, ಉದ್ಯೋಗದ ಭದ್ರತೆ ಬೇರೆ ಎಂಬುದಷ್ಟೇ ಇದರ ತಾತ್ಪರ್ಯ. ಇಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದ ಮಗನ ಸಂಬಳವು ಊರಿನ ಎಲ್ಲರನ್ನೂ ಮೀರಿಸುತ್ತದೆಂಬುದು ನಿಜ. ಆದರೆ ಅವನ ಮನೆಬಾಡಿಗೆ, ಸಾಲದ ಕಂತು, ಮಕ್ಕಳ ಫೀಜು ಇವುಗಳೂ ಅದೇ ವೇಗದಲ್ಲಿ ಮೀರುತ್ತವೆ. 2020ರ ಕೊರೋನಾ ಕಾಲದಲ್ಲಿ ಇಂಥವರಲ್ಲಿ ಹಲವರು ಹಳ್ಳಿಗೆ ಮರಳಿ ಕೆಲಸ ಮಾಡಿದರು. ಆಗ ತೋಟವಿದ್ದ ಮನೆಯೂ ಸಂಬಳವಿದ್ದ ಮನೆಯೂ ಒಂದಕ್ಕೊಂದು ಎಷ್ಟು ಆಸರೆಯೆಂಬುದು ಎಲ್ಲರಿಗೂ ವಿಶದವಾಯಿತು.

ಇಷ್ಟು ಹೇಳಿದ ಮೇಲೂ ಮುಖ್ಯವಾದ ಮಾತು ಉಳಿದೇ ಇದೆ. ಒಬ್ಬರ ಸಂಪಾದನೆಯ ಸಂಸಾರವೆಂದರೆ ಒಬ್ಬರ ದುಡಿಮೆಯ ಸಂಸಾರವಲ್ಲ. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರು ಯಾರು? ಕೊಟ್ಟಿಗೆಯ ಕೆಲಸ, ಆಳುಗಳ ಊಟ, ಒಣಹಾಕಿದ ಅಡಿಕೆಯನ್ನು ಮೋಡ ಕಂಡೊಡನೆ ಎಳೆದು ರಾಶಿಮಾಡುವುದು, ಹಿತ್ತಲ ತರಕಾರಿ, ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಇವಕ್ಕೆಲ್ಲ ಕೂಲಿ ಕೊಟ್ಟು ಮಾಡಿಸಿದರೆ ಯಜಮಾನನ ಸಂಪಾದನೆ ಉಳಿದೀತೇ? ಆದರೂ ಮನೆಯ ಲೆಕ್ಕದ ಪುಸ್ತಕದಲ್ಲಿ ಗೃಹಿಣಿಯ ಹೆಸರಿನಲ್ಲಿ ಜಮೆಯೆಂಬುದೇ ಇರುವುದಿಲ್ಲ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ದೊಡ್ಡ ಮೊತ್ತವಲ್ಲದಿರಬಹುದು. ಆದರೆ ಎಷ್ಟೋ ಸ್ತ್ರೀಯರ ಹೆಸರಿನಲ್ಲಿ ಬ್ಯಾಂಕಿಗೆ ಬಂದ ಮೊದಲ ಹಣ ಅದು. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಪ್ರಸನ್ನರ ಪ್ರೇರಣೆಯಿಂದ 1990ರ ದಶಕದಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘವು ಹಳ್ಳಿಯ ಹೆಂಗಸರಿಗೆ ನೇಯ್ಗೆ, ಬಣ್ಣಗಾರಿಕೆಗಳನ್ನು ಕಲಿಸಿ ಕೆಲಸ ಕೊಟ್ಟಿತು. 2020ರಲ್ಲಿ ಆ ಸಂಘವೂ ಕಠಿಣವಾದ ಆರ್ಥಿಕ ಸಂಕಟವನ್ನು ಕಂಡಿತು. ಹಾಗಿದ್ದರೂ ಕಲಿತ ಕಸಬು ಕಲಿತವಳ ಕೈಯಲ್ಲಿಯೇ ಉಳಿಯುತ್ತದೆ. ಅದನ್ನು ಯಾವ ನಷ್ಟವೂ ಕಸಿದುಕೊಳ್ಳಲಾರದು.

ಹಾಗಾದರೆ ಮಗನಿಗೆ ಯಾವ ಓದು, ಮಗಳಿಗೆ ಎಂಥ ಮನೆ? ಸಂಬಳವನ್ನು ಕೇಳಬೇಡಿರೆಂದು ನಾವು ಹೇಳುವುದಿಲ್ಲ. ಅದರ ಜತೆಗೆ ಆ ಮೂರು ಪ್ರಶ್ನೆಗಳನ್ನೂ ಕೇಳಿರಿ. ವರ್ಷಕ್ಕೊಮ್ಮೆ ಹಣ ಬರುವ ಮನೆಯವರು ಅದನ್ನು ತಿಂಗಳುಗಳಿಗೆ ಹಂಚಿಡುವುದನ್ನು ಕಲಿಯಬೇಕು. ತಿಂಗಳಿಗೊಮ್ಮೆ ಬರುವವರು ಮುಪ್ಪಿಗೆಂದು ಕೂಡಿಡುವುದನ್ನು ಕಲಿಯಬೇಕು. ದಿನಕ್ಕೊಮ್ಮೆ ಬರುವವರು ಅಪಘಾತಕ್ಕೆ ವಿಮೆ ಮಾಡಬೇಕು. ಮಗಳ ಓದನ್ನು ಮದುವೆ ಗೊತ್ತಾಗುವ ತನಕದ ಕಾಲಹರಣವೆಂದು ಎಣಿಸದೆ, ಮನೆಯ ಎರಡನೆಯ ಕಂಬವೆಂದು ಭಾವಿಸಿ ಪೂರ್ತಿಮಾಡಿಸಬೇಕು. ಆ ಕಂಬದ ಮೇಲೆ ಭಾರ ಬೀಳದೆ ಹೋದರೆ ಸಂತೋಷ. ಬಿದ್ದ ದಿನ ಅದು ಇಲ್ಲದಿದ್ದರೆ ಮಾಡು ನಿಲ್ಲಲಾರದು.

ಕೊನೆಯದಾಗಿ, ಇದಕ್ಕೆ ಹಣವೂ ಬೇಡ, ಪದವಿಯೂ ಬೇಡವಾದ ಒಂದು ಕೆಲಸವನ್ನು ಸೂಚಿಸುತ್ತೇವೆ. ಪಹಣಿ, ಬ್ಯಾಂಕಿನ ಪುಸ್ತಕ, ವಿಮೆಯ ಪತ್ರ, ಸಹಕಾರ ಸಂಘದ ಷೇರು, ಕೊಡಬೇಕಾದ ಸಾಲ, ಬರಬೇಕಾದ ಬಾಕಿ, ಇವೆಲ್ಲ ಎಲ್ಲಿವೆ, ಎಷ್ಟಿವೆ, ಯಾರ ಹೆಸರಿನಲ್ಲಿವೆ ಎಂಬುದು ದುಡಿಯುವ ಒಬ್ಬರ ತಲೆಯಲ್ಲಿ ಮಾತ್ರ ಇರುವ ಮನೆಗಳು ಬಹಳ. ಅಂಥ ಮನೆಯ ಯಜಮಾನನು ಒಂದು ಸಂಜೆ ಬಿಡುವು ಮಾಡಿಕೊಂಡು, ಹೆಂಡತಿಯನ್ನೂ ತಿಳಿವಳಿಕೆ ಬಂದ ಮಕ್ಕಳನ್ನೂ ಕೂರಿಸಿಕೊಂಡು, ಪೆಟ್ಟಿಗೆಯನ್ನು ತೆರೆದು ಎಲ್ಲವನ್ನೂ ತೋರಿಸಿಕೊಡಲಿ. ನಾಮಿನಿಯ ಹೆಸರು ಬರೆಸದಿದ್ದಲ್ಲಿ ಮರುದಿನವೇ ಬರೆಸಲಿ.