ನೋಡುವ ಕಣ್ಣು ಬೆಳೆಯುವುದು ಊರಿನಲ್ಲೇ

‘ತಿಪಟೂರಿನಲ್ಲಿ ಫೋಟೊ ತೆಗೆಯೋಕೆ ಏನಿದೆ? ಕಲಿಯಬೇಕಾದರೆ ಬೆಂಗಳೂರಿಗೇ ಹೋಗಬೇಕು’. ಡಿಗ್ರಿ ಮುಗಿಸಿ ಕ್ಯಾಮೆರಾ ಹಿಡಿದು ಬದುಕು ಕಟ್ಟಿಕೊಳ್ಳಲು ಹೊರಟ ನಮ್ಮ ಕಡೆಯ ಅನೇಕರ ಮಾತಿದು. ಕ್ಯಾಮೆರಾ ಬಳಸುವುದನ್ನು ಎಲ್ಲಿಯಾದರೂ ಕಲಿಯಬಹುದು. ನೋಡುವ ಕಣ್ಣು ಮಾತ್ರ ನಾವು ಬೆಳೆದ ಬೀದಿಯಲ್ಲಿ ರೂಪುಗೊಳ್ಳುತ್ತದೆ.

ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನೇ ನೋಡಿ. 1923ರಲ್ಲಿ ಹುಟ್ಟಿದ ಅವರು ಬೆಳೆದದ್ದು ಅರಮನೆ, ಅಗ್ರಹಾರ, ಮೊಹಲ್ಲಾಗಳು ಒಟ್ಟಿಗಿದ್ದ ಊರಿನಲ್ಲಿ. ಅಲ್ಲಿ ಕನ್ನಡದ ಜೊತೆಗೆ ತಮಿಳು, ಉರ್ದು ಕೂಡ ಕಿವಿಗೆ ಬೀಳುತ್ತಿದ್ದವು. ತಮಿಳು ಮನೆಮಾತಿನ ಆರ್.ಕೆ. ನಾರಾಯಣ್ ಮತ್ತು ಆರ್.ಕೆ. ಲಕ್ಷ್ಮಣ್ ಅವರ ಸ್ನೇಹಿತರು. ಒಬ್ಬರು ಕಾದಂಬರಿಯಲ್ಲಿ, ಇನ್ನೊಬ್ಬರು ವ್ಯಂಗ್ಯಚಿತ್ರದಲ್ಲಿ, ಸತ್ಯನ್ ಕ್ಯಾಮೆರಾದಲ್ಲಿ ಹಿಡಿದದ್ದು ಜನಸಾಮಾನ್ಯರನ್ನೇ. ಹಲವು ಬಗೆಯ ಜನರ ನಡುವೆ ಬೆಳೆದವರಿಗೆ ಯಾರೂ ‘ಬೇರೆಯವರು’ ಅನ್ನಿಸುವುದಿಲ್ಲ. 1977ರಲ್ಲಿ ಸತ್ಯನ್ ಅವರಿಗೆ ಪದ್ಮಶ್ರೀ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ನಮ್ಮ ತೆಂಗಿನ ಸೀಮೆಯೂ ಒಂದೇ ಬಣ್ಣದ್ದಲ್ಲ. ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುತ್ತದೆ. ಹೀಗಾಗಿ ರೇಟಿನ ಮಾತಿನಲ್ಲಿ ಕನ್ನಡದ ಜೊತೆ ಹಿಂದಿಯೂ ಬೆರೆಯುತ್ತದೆ. ಚಿಕ್ಕನಾಯಕನಹಳ್ಳಿ ಕಡೆ ಕಾಡುಗೊಲ್ಲರ ಹಟ್ಟಿಗಳಿವೆ, ಲಂಬಾಣಿ ತಾಂಡಾಗಳಿವೆ. ತುರುವೇಕೆರೆಯಲ್ಲಿ ಹೊಯ್ಸಳರ ಕಾಲದ ಗುಡಿಗಳಿವೆ. ಪೇಟೆಯ ಉರ್ದು ಮಾತಿನ ಮನೆಗಳಲ್ಲಿ ನಮ್ಮ ಸಹಪಾಠಿಗಳಿದ್ದಾರೆ.

ಇದರ ಬೆಲೆ ಗೊತ್ತಾಗುವುದು ಕೆಲಸಕ್ಕೆ ಇಳಿದಾಗ. ಮದುವೆ ಫೋಟೊಗ್ರಫಿಯನ್ನೇ ತೆಗೆದುಕೊಳ್ಳಿ. ಧಾರೆ ಎರೆಯುವ ಗಳಿಗೆಯಲ್ಲಿ ಎಲ್ಲಿ ನಿಲ್ಲಬೇಕು, ನಿಕಾಹ್‌ನಲ್ಲಿ ವಧುವಿನ ಒಪ್ಪಿಗೆ ಕೇಳುವಾಗ ಯಾರನ್ನು ಕೇಳಿ ಒಳಗೆ ಹೋಗಬೇಕು, ಯಾವಾಗ ಕ್ಯಾಮೆರಾ ಕೆಳಗಿಳಿಸಬೇಕು ಎಂಬುದನ್ನು ಯಾವ ಕೋರ್ಸೂ ಪೂರ್ತಿ ಹೇಳಿಕೊಡುವುದಿಲ್ಲ. ಗೆಳೆಯರ ಮನೆಗಳಲ್ಲಿ ಉಂಡು ಬೆಳೆದವರಿಗೆ ಅದು ತಾನಾಗಿಯೇ ತಿಳಿದಿರುತ್ತದೆ. ಹೊರಗಿನಿಂದ ಬಂದವರಿಗೆ ತಾಂಡಾದ ಹುಡುಗಿಯ ಕನ್ನಡಿ ಹೊಲಿದ ಲಂಗವಷ್ಟೇ ಕಂಡೀತು. ಅವಳ ಜೊತೆ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋದವರಿಗೆ ಅವಳ ಕೈಯಲ್ಲಿರುವ ಪುಸ್ತಕವೂ ಕಾಣುತ್ತದೆ. ಚಿತ್ರದ ಬೆಲೆ ಇರುವುದು ಈ ವ್ಯತ್ಯಾಸದಲ್ಲಿ.

ಹಾಗೆಂದು ಊರಲ್ಲಿ ಹುಟ್ಟಿದ ಮಾತ್ರಕ್ಕೆ ಕಣ್ಣು ತೆರೆಯುವುದಿಲ್ಲ. ತಮ್ಮ ಬೀದಿ, ತಮ್ಮ ಜಾತಿ ದಾಟದವರಿಗೆ ಪಕ್ಕದ ಕೇರಿಯೂ ಪರದೇಶವೇ. ಆದ್ದರಿಂದ ದುಬಾರಿ ಲೆನ್ಸಿಗೆ ಸಾಲ ಮಾಡುವ ಮೊದಲು ಕೈಯಲ್ಲಿರುವ ಮೊಬೈಲ್ ಹಿಡಿದೇ ಒಂದು ವರ್ಷ ನಮ್ಮ ಮೂರು ತಾಲ್ಲೂಕು ಸುತ್ತಿ. ಅಟ್ಟದ ಮೇಲೆ ಹಾಕಿದ ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ಕಾಯಿ ಸುಲಿಯುವವರನ್ನು, ಚಿಪ್ಪು ಒಡೆಯುವ ಹೆಂಗಸರನ್ನು, ಲಾರಿಗೆ ಚೀಲ ಹೊರುವ ಹಮಾಲರನ್ನು ಮೊದಲು ಮಾತನಾಡಿಸಿ, ಅವರು ಒಪ್ಪಿದ ಮೇಲೆ ಕ್ಲಿಕ್ಕಿಸಿ. ನಾಳೆ ಬೆಂಗಳೂರಿಗೆ ಕೆಲಸ ಕೇಳಿಕೊಂಡು ಹೋದರೂ, ಬೇರೆಯವರ ಬಳಿ ಇಲ್ಲದ ಚಿತ್ರಗಳು ನಿಮ್ಮ ಬಳಿ ಇರುತ್ತವೆ.